ಹಳೆಯ ಹಾಡಿನ ಅಂಗಡಿಗೆ ಗಿರಾಕಿ ಯಾರು?
ನ್ಯೂಯಾರ್ಕ್‌ನ ರೇಡಿಯೋ ಮಾರುಕಟ್ಟೆಯಿಂದ ಕಾಮರ್ಸ್ ವಿದ್ಯಾರ್ಥಿಗಳಿಗೆ ಒಂದು ಪಾಠ

ಅರ್ಥಶಾಸ್ತ್ರದಲ್ಲಿ ಮಾರುಕಟ್ಟೆಯ ಬಗೆಗಳನ್ನು ಓದುವಾಗ ನಮಗೆ ಸಿಗುವ ಉದಾಹರಣೆಗಳು ಸಾಬೂನು, ಟೂತ್‌ಪೇಸ್ಟ್, ಕಾರು. ಇವೆಲ್ಲಕ್ಕೂ ಬೆಲೆ ಇದೆ, ಆ ಬೆಲೆ ಕೊಟ್ಟು ಕೊಳ್ಳುವವರು ನಾವೇ. ಕೊಳ್ಳುವವರು ಒಂದು ಪೈಸೆಯನ್ನೂ ಕೊಡದ ಮಾರುಕಟ್ಟೆಯಲ್ಲಿ ಪೈಪೋಟಿ ಹೇಗೆ ನಡೆಯುತ್ತದೆ? ಈ ಪ್ರಶ್ನೆಗೆ ರೇಡಿಯೋ ಒಳ್ಳೆಯ ಉತ್ತರ ಕೊಡುತ್ತದೆ. ಅದಕ್ಕಾಗಿ ಅಮೆರಿಕದ ನ್ಯೂಯಾರ್ಕ್ ನಗರವನ್ನು ಆರಿಸಿಕೊಂಡಿದ್ದೇನೆ. ಅಲ್ಲಿ ಹಳೆಯ ಹಾಡುಗಳನ್ನೇ ನಂಬಿದ ಎರಡು ಎಫ್.ಎಂ. ಕೇಂದ್ರಗಳಿವೆ. ಒಂದು 101.1ರ ಡಬ್ಲ್ಯುಸಿಬಿಎಸ್-ಎಫ್‌ಎಂ, ಇನ್ನೊಂದು 104.3ರ ಡಬ್ಲ್ಯುಎಎಕ್ಸ್‌ಕ್ಯೂ. ಕೇಳುಗರು ಎರಡನೆಯದನ್ನು ‘ಕ್ಯೂ 104.3’ ಎಂದು ಕರೆಯುತ್ತಾರೆ.

1. ಮಾರುವುದೇನು, ಕೊಳ್ಳುವವರು ಯಾರು?

ರೇಡಿಯೋ ಕೇಂದ್ರ ಹಾಡು ಮಾರುತ್ತದೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಹಾಡು ಕೇಳಿದವರು ಹಣ ಕೊಡುವುದಿಲ್ಲ. ಹಣ ಕೊಡುವವರು ಜಾಹೀರಾತುದಾರರು. ಅವರು ಕೊಳ್ಳುವುದು ಕೇಳುಗರ ಗಮನವನ್ನು. ಅಂದರೆ ಕೇಂದ್ರದ ಲೆಕ್ಕದಲ್ಲಿ ಹಾಡು ಕಚ್ಚಾವಸ್ತು, ಕೇಳುಗರ ಕಿವಿ ಸರಕು, ಜಾಹೀರಾತುದಾರ ಗಿರಾಕಿ.

ಎಲ್ಲ ಕಿವಿಗಳಿಗೂ ಒಂದೇ ಬೆಲೆ ಇಲ್ಲ. ಅಮೆರಿಕದ ಜಾಹೀರಾತು ಸಂಸ್ಥೆಗಳು ಬಹಳ ಕಾಲದಿಂದ 25ರಿಂದ 54 ವರ್ಷದವರಿಗೆ ಹೆಚ್ಚು ಬೆಲೆ ಕಟ್ಟಿವೆ. ಈ ವಯಸ್ಸಿನವರು ದುಡಿಯುತ್ತಾರೆ, ಮನೆ ಕಟ್ಟುತ್ತಾರೆ, ಮಕ್ಕಳನ್ನು ಸಾಕುತ್ತಾರೆ, ಹೊಸ ವಸ್ತು ಕೊಳ್ಳುತ್ತಾರೆ. ಅದಕ್ಕಿಂತ ಹಿರಿಯರು ತಮಗೆ ಒಗ್ಗಿದ ಬ್ರ್ಯಾಂಡ್ ಬಿಡುವುದಿಲ್ಲ, ಅವರಿಗೆ ಜಾಹೀರಾತು ಹೇಳಿ ಪ್ರಯೋಜನವಿಲ್ಲ ಎಂಬುದು ಆ ಸಂಸ್ಥೆಗಳ ವಾದ.

ಕೇಳುಗರನ್ನು ಎಣಿಸುವುದಕ್ಕೂ ಒಂದು ವ್ಯವಸ್ಥೆ ಇದೆ. ಆರ್ಬಿಟ್ರಾನ್ ಎಂಬ ಸಂಸ್ಥೆ ಆಯ್ದ ಮನೆಗಳಿಗೆ ಡೈರಿ ಕೊಟ್ಟು, ಯಾವ ಕೇಂದ್ರವನ್ನು ಎಷ್ಟು ಹೊತ್ತು ಕೇಳಿದಿರಿ ಎಂದು ಬರೆಸಿಕೊಳ್ಳುತ್ತಿತ್ತು. ಆಮೇಲೆ ಪೇಜರ್‌ನಂಥ ಚಿಕ್ಕ ಯಂತ್ರ ಬಂತು. ಪ್ರಸಾರದಲ್ಲಿ ಅಡಗಿರುವ, ಕಿವಿಗೆ ಕೇಳಿಸದ ಒಂದು ಸಂಕೇತವನ್ನು ಅದು ಹಿಡಿದು ದಾಖಲಿಸುತ್ತದೆ. 2013ರಲ್ಲಿ ಆರ್ಬಿಟ್ರಾನನ್ನು ನೀಲ್ಸನ್ ಕೊಂಡಿತು.

ಇನ್ನೊಂದು ಅಂಶ ಮಾರುಕಟ್ಟೆಯ ಪ್ರವೇಶ. ಕಿರಾಣಿ ಅಂಗಡಿ ತೆರೆದಂತೆ ಯಾರು ಬೇಕಾದರೂ ರೇಡಿಯೋ ಕೇಂದ್ರ ತೆರೆಯಲಾಗದು. ತರಂಗಗಳಿಗೆ ಮಿತಿ ಇದೆ, ಸರ್ಕಾರದ ಪರವಾನಗಿ ಬೇಕು. ಹಾಗಾಗಿ ಇದು ಕೆಲವೇ ಮಾರಾಟಗಾರರಿರುವ ಮಾರುಕಟ್ಟೆ, ಅಂದರೆ ನಾವು ಓದುವ ಆಲಿಗೊಪಲಿ. ಕೇಳುಗರ ಮಟ್ಟಿಗೆ ಬೆಲೆ ಸೊನ್ನೆ. ಆದ್ದರಿಂದ ಬೆಲೆ ಇಳಿಸಿ ಅವರನ್ನು ಸೆಳೆಯುವ ದಾರಿಯೇ ಇಲ್ಲ. ಉಳಿದಿರುವ ದಾರಿ ಸರಕಿನ ಭಿನ್ನತೆ.

2. ಎರಡು ಬಗೆಯ ಹಳೆಯ ಹಾಡು

ಆ ಭಿನ್ನತೆಗೆ ರೇಡಿಯೋದವರು ಇಟ್ಟ ಹೆಸರು ಫಾರ್ಮ್ಯಾಟ್. ‘ಓಲ್ಡೀಸ್’ ಮತ್ತು ‘ಕ್ಲಾಸಿಕ್ ರಾಕ್’ ಎರಡೂ ಹಳೆಯ ಹಾಡಿನ ಫಾರ್ಮ್ಯಾಟ್‌ಗಳೇ. ಆದರೆ ಅವುಗಳ ಬೇರು ಬೇರೆ.

ಓಲ್ಡೀಸ್‌ನ ಬೇರು ಇರುವುದು ‘ಸಿಂಗಲ್’ ಎಂಬ ಚಿಕ್ಕ ರೆಕಾರ್ಡಿನಲ್ಲಿ. 1950ರ ದಶಕದ ನಡುವಿನಿಂದ 60ರ ದಶಕದವರೆಗೆ ಎರಡು ಮೂರು ನಿಮಿಷದ ಹಾಡುಗಳು ಹಿಟ್ ಪಟ್ಟಿಗಳಲ್ಲಿ ಏರಿಳಿಯುತ್ತಿದ್ದವು. ಎಲ್ವಿಸ್ ಪ್ರೀಸ್ಲಿ, ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಗಾಯಕರು, ಬೀಟಲ್ಸ್ ತಂಡದ ಮೊದಲ ವರ್ಷಗಳ ಹಾಡುಗಳು ಈ ಗುಂಪಿನವು. ಮನೆಮಂದಿಯೆಲ್ಲ ಗುನುಗಿದ ಹಾಡುಗಳು ಇವು.

ಕ್ಲಾಸಿಕ್ ರಾಕ್‌ನ ಬೇರು ಇರುವುದು ‘ಆಲ್ಬಂ’ನಲ್ಲಿ. 60ರ ದಶಕದ ಕೊನೆಯಿಂದ ಎಫ್.ಎಂ. ಕೇಂದ್ರಗಳು ಆಲ್ಬಂಗಳ ಉದ್ದದ ಹಾಡುಗಳನ್ನು ಹಾಕತೊಡಗಿದವು. ಲೆಡ್ ಜೆಪ್ಲಿನ್ ತಂಡದ ‘ಸ್ಟೇರ್‌ವೇ ಟು ಹೆವನ್’ 1971ರದು. ಸುಮಾರು 8 ನಿಮಿಷದ ಆ ಹಾಡನ್ನು ಅಮೆರಿಕದಲ್ಲಿ ಆಗ ಸಿಂಗಲ್ ಆಗಿ ಮಾರಲೇ ಇಲ್ಲ. ಆದರೂ ರೇಡಿಯೋದಿಂದಲೇ ಅದು ಎಲ್ಲರಿಗೂ ಗೊತ್ತಾಯಿತು. ಇಂಥ ಹಾಡುಗಳನ್ನು ಕೇಳಿ ಬೆಳೆದವರಿಗಾಗಿ 80ರ ದಶಕದಲ್ಲಿ ಕ್ಲಾಸಿಕ್ ರಾಕ್ ಎಂಬ ಫಾರ್ಮ್ಯಾಟ್ ಹುಟ್ಟಿತು. ಇದರ ಕೇಳುಗರಲ್ಲಿ ಗಂಡಸರು ಹೆಚ್ಚು. ಓಲ್ಡೀಸ್ ಕೇಳುಗರಲ್ಲಿ ಗಂಡಸರು ಹೆಂಗಸರು ಇಬ್ಬರೂ ಇದ್ದಾರೆ. ಜಾಹೀರಾತುದಾರರಿಗೆ ಈ ವ್ಯತ್ಯಾಸ ಮುಖ್ಯ.

3. 100 ಕೇಳುಗರ ಲೆಕ್ಕ

ಪೀಟರ್ ಸ್ಟೈನರ್ ಎಂಬ ಅರ್ಥಶಾಸ್ತ್ರಜ್ಞ 1952ರಲ್ಲಿ ರೇಡಿಯೋ ಪೈಪೋಟಿಯ ಬಗ್ಗೆ ಒಂದು ಪ್ರಸಿದ್ಧ ಲೇಖನ ಬರೆದರು. ಅದರ ತರ್ಕವನ್ನು ನನ್ನದೇ ಅಂಕಿಗಳಲ್ಲಿ ಬಿಡಿಸುತ್ತೇನೆ. ಪೆನ್ನು ಹಿಡಿದು ಜೊತೆಗೆ ಬನ್ನಿ.

ಒಂದು ಊರಿನಲ್ಲಿ 100 ಕೇಳುಗರು ಇದ್ದಾರೆ ಎಂದು ಭಾವಿಸಿ. 78 ಜನಕ್ಕೆ ಹೊಸ ಹಿಟ್ ಹಾಡು ಬೇಕು, 22 ಜನಕ್ಕೆ ಹಳೆಯ ಹಾಡು ಬೇಕು. ಒಂದೇ ಬಗೆಯ ಹಾಡು ಹಾಕುವ ಕೇಂದ್ರಗಳು ಕೇಳುಗರನ್ನು ಸಮನಾಗಿ ಹಂಚಿಕೊಳ್ಳುತ್ತವೆ.

ಮೊದಲ ಕೇಂದ್ರ ಹಿಟ್ ಹಾಡು ಹಾಕುತ್ತದೆ, 78 ಜನ ಸಿಗುತ್ತಾರೆ. ಎರಡನೆಯದು ಹಿಟ್ ಹಾಕಿದರೆ 39, ಹಳೆಯದು ಹಾಕಿದರೆ 22. ಅದೂ ಹಿಟ್ ಆರಿಸುತ್ತದೆ. ಮೂರನೆಯದಕ್ಕೆ ಹಿಟ್‌ನಲ್ಲಿ 26, ಹಳೆಯದರಲ್ಲಿ 22. ಅದೂ ಹಿಟ್. ನಾಲ್ಕನೆಯದಕ್ಕೆ ಹಿಟ್‌ನಲ್ಲಿ ಸಿಗುವುದು 19.5, ಹಳೆಯದರಲ್ಲಿ 22. ಈಗ ಮೊದಲ ಬಾರಿಗೆ ಹಳೆಯ ಹಾಡಿನ ಕೇಂದ್ರ ಹುಟ್ಟುತ್ತದೆ. ಅಂದರೆ ಆ 22 ಜನ ನಾಲ್ಕನೆಯ ಕೇಂದ್ರ ಬರುವವರೆಗೆ ಕಾಯಬೇಕು.

ಇದಕ್ಕೆ ವಯಸ್ಸಿನ ಬೆಲೆ ಸೇರಿಸೋಣ. ಹಿಟ್ ಕೇಳುವ ಒಬ್ಬರಿಗೆ ಜಾಹೀರಾತುದಾರ 10 ರೂಪಾಯಿ ಕೊಡುತ್ತಾನೆ, ಹಳೆಯ ಹಾಡು ಕೇಳುವ ಹಿರಿಯರಿಗೆ 5 ರೂಪಾಯಿ ಎಂದುಕೊಳ್ಳಿ. ಹಳೆಯ ಹಾಡಿನ ಕೇಂದ್ರಕ್ಕೆ ಬರುವ ಆದಾಯ 22×5, ಅಂದರೆ 110 ರೂಪಾಯಿ. ಹಿಟ್ ಕೇಂದ್ರಗಳ ಒಟ್ಟು ಆದಾಯ 780. ಇದನ್ನು ಏಳು ಕೇಂದ್ರಗಳು ಹಂಚಿಕೊಂಡರೂ ತಲಾ 111 ರೂಪಾಯಿಗಿಂತ ಹೆಚ್ಚು ಸಿಗುತ್ತದೆ. ಎಂಟನೆಯದಕ್ಕೆ ಮಾತ್ರ 97.50 ಆಗುತ್ತದೆ. ಆದ್ದರಿಂದ ಆ 22 ಜನ ಈಗ ಎಂಟನೆಯ ಕೇಂದ್ರದವರೆಗೆ ಕಾಯಬೇಕು. ಅವರ ಸಂಖ್ಯೆ ಒಂದೂ ಕಡಿಮೆಯಾಗಿಲ್ಲ. ಕಡಿಮೆಯಾದದ್ದು ಅವರಿಗೆ ಕಟ್ಟಿದ ಬೆಲೆ.

ಮಾಲೀಕ ಒಬ್ಬನೇ ಆದರೆ? ಎರಡೂ ಕೇಂದ್ರದಲ್ಲಿ ಹಿಟ್ ಹಾಕಿದರೆ ಅವನಿಗೆ 780 ರೂಪಾಯಿ. ಒಂದರಲ್ಲಿ ಹಿಟ್, ಇನ್ನೊಂದರಲ್ಲಿ ಹಳೆಯದು ಹಾಕಿದರೆ 890. ತನ್ನ ಅಂಗಡಿಯ ಗಿರಾಕಿಯನ್ನು ತಾನೇ ಕದಿಯುವುದರಲ್ಲಿ ಲಾಭವಿಲ್ಲ. ಅಮೆರಿಕದಲ್ಲಿ 1996ರ ದೂರಸಂಪರ್ಕ ಕಾಯ್ದೆ ಮಾಲೀಕತ್ವದ ಮಿತಿಯನ್ನು ಸಡಿಲಿಸಿತು. 45 ಅಥವಾ ಹೆಚ್ಚು ಕೇಂದ್ರಗಳಿರುವ ಊರಿನಲ್ಲಿ ಒಬ್ಬರು 8 ಕೇಂದ್ರ ಹೊಂದಬಹುದು, ಅದರಲ್ಲಿ ಎಫ್.ಎಂ. 5 ಮೀರಬಾರದು ಎಂದಾಯಿತು. ಕ್ಲಿಯರ್ ಚಾನೆಲ್ ಕಂಪನಿ ನ್ಯೂಯಾರ್ಕ್‌ನಲ್ಲಿ ಸರಿಯಾಗಿ ಐದು ಎಫ್.ಎಂ. ಇಟ್ಟುಕೊಂಡಿತು. ಕ್ಯೂ 104.3 ಅವುಗಳಲ್ಲಿ ಒಂದು. ಉಳಿದವು ಬೇರೆ ಬೇರೆ ಬಗೆಯ ಸಂಗೀತ ಹಾಕಿದವು. ಕಾಯ್ದೆಯ ನಂತರದ ವಿಲೀನಗಳನ್ನು ಅಧ್ಯಯನ ಮಾಡಿದ ಸ್ಟೀವನ್ ಬೆರ್ರಿ ಮತ್ತು ಜೋಯೆಲ್ ವಾಲ್ಡ್‌ಫೋಗೆಲ್ ಕೂಡ 2001ರಲ್ಲಿ ಹೇಳಿದ್ದು, ಕೇಂದ್ರಗಳ ಸಂಖ್ಯೆಗೆ ಹೋಲಿಸಿದರೆ ಫಾರ್ಮ್ಯಾಟ್‌ಗಳು ಹೆಚ್ಚಿದವು ಎಂದೇ. ಪೈಪೋಟಿ ಹೆಚ್ಚಿದಷ್ಟೂ ಆಯ್ಕೆ ಹೆಚ್ಚು ಎಂದು ನಾವು ಉರು ಹೊಡೆದಿರುತ್ತೇವೆ. ಇಲ್ಲಿ ಆ ಸೂತ್ರ ಹಾಗೆಯೇ ನಡೆಯುವುದಿಲ್ಲ.

4. 101.1ರ ಕಥೆ

ಡಬ್ಲ್ಯುಸಿಬಿಎಸ್-ಎಫ್‌ಎಂ 1972ರ ಜುಲೈನಲ್ಲಿ ಓಲ್ಡೀಸ್ ಆರಂಭಿಸಿತು. 1957ರಲ್ಲಿ 15 ವರ್ಷದ ಹುಡುಗನಾಗಿದ್ದ ಕೇಳುಗನೊಬ್ಬನನ್ನು ಊಹಿಸಿಕೊಳ್ಳಿ. 1972ರಲ್ಲಿ ಅವನಿಗೆ 30 ವರ್ಷ. ಜಾಹೀರಾತುದಾರರಿಗೆ ಬಲು ಬೇಕಾದ ವಯಸ್ಸು. 1996ರಲ್ಲಿ ಅವನಿಗೆ 54. ಮರುವರ್ಷ ಅವನು ಲೆಕ್ಕದಿಂದಲೇ ಹೊರಗೆ. 2005ಕ್ಕೆ ಅವನಿಗೆ 63. ಅವನ ಪ್ರೀತಿ ಹಾಗೇ ಇತ್ತು, ಕೇಂದ್ರವೂ ಅದೇ. ಕ್ಯಾಲೆಂಡರ್ ಮಾತ್ರ ಮುಂದೆ ಹೋಗಿತ್ತು.

2005ರ ಜೂನ್ 3ರಂದು ಕೇಂದ್ರದ ಮಾಲೀಕರು ಓಲ್ಡೀಸ್ ನಿಲ್ಲಿಸಿ ‘ಜ್ಯಾಕ್ ಎಫ್‌ಎಂ’ ಎಂಬ ಫಾರ್ಮ್ಯಾಟ್ ತಂದರು. ಕೆನಡಾದಲ್ಲಿ ಯಶಸ್ಸು ಕಂಡಿದ್ದ ಇದರಲ್ಲಿ ಹಲವು ದಶಕಗಳ ಹಾಡುಗಳು ಕಲಸುಮೇಲೋಗರ, ನಮ್ಮಲ್ಲಿ ಆರ್‌ಜೆ ಎನ್ನುವ ನಿರೂಪಕರು ಇಲ್ಲ. ಅದೇ ದಿನ ಅದೇ ಕಂಪನಿ ಷಿಕಾಗೋದ ತನ್ನ ಓಲ್ಡೀಸ್ ಕೇಂದ್ರವನ್ನೂ ಹೀಗೇ ಬದಲಿಸಿತು. ಕಿರಿಯರನ್ನು ಸೆಳೆಯುವುದು ಉದ್ದೇಶ. ಆದರೆ ನ್ಯೂಯಾರ್ಕ್‌ನಲ್ಲಿ ಹಳಬರು ಬಿಟ್ಟುಹೋದರು, ಹೊಸಬರು ಬೇಕಾದಷ್ಟು ಬರಲಿಲ್ಲ. 2007ರ ಜುಲೈ 12ರಂದು ಹಳೆಯ ಡಬ್ಲ್ಯುಸಿಬಿಎಸ್-ಎಫ್‌ಎಂ ಮರಳಿತು.

ಮರಳಿದ್ದು ಪೂರ್ತಿ ಹಳೆಯದಲ್ಲ ಎಂಬುದು ಗಮನಿಸಬೇಕಾದ ವಿಷಯ. ಆಗ ಒತ್ತು ಇದ್ದದ್ದು 60, 70 ಮತ್ತು 80ರ ದಶಕಗಳ ಹಾಡುಗಳ ಮೇಲೆ. 50ರ ದಶಕ ಬಹುಮಟ್ಟಿಗೆ ಮಾಯವಾಯಿತು. ‘ಓಲ್ಡೀಸ್’ ಎಂಬ ಪದದ ಬದಲು ‘ಗ್ರೇಟೆಸ್ಟ್ ಹಿಟ್ಸ್’ ಬಂತು. 1977ರಲ್ಲಿ 15 ವರ್ಷದವನಾಗಿದ್ದ ಕೇಳುಗನಿಗೆ 2007ರಲ್ಲಿ 45. ಕೇಂದ್ರ ತನ್ನ ಗಿರಾಕಿಗೆ ಮತ್ತೆ ಬೇಕಾದ ವಯಸ್ಸಿಗೆ ಬಂದು ನಿಂತಿತು. ಹಳೆಯ ಹಾಡು ಎಂಬುದು ಒಂದು ಕಾಲದ ಹೆಸರೆಂದು ನಾವು ತಿಳಿಯುತ್ತೇವೆ. ರೇಡಿಯೋ ವ್ಯಾಪಾರದಲ್ಲಿ ಅದು ವರ್ಷ ವರ್ಷವೂ ಮುಂದೆ ಸರಿಯುವ ಕಿಟಕಿ.

5. ಪಕ್ಕದ ಅಂಗಡಿ

ಹೀಗೆ ಸರಿದಾಗ 101.1ರ ಕೇಂದ್ರ ನೇರವಾಗಿ 104.3ರ ಅಂಗಳಕ್ಕೆ ಬಂತು. ಕ್ಲಾಸಿಕ್ ರಾಕ್‌ನ ಬಂಡವಾಳವೂ 70ರ ದಶಕವೇ ತಾನೆ? ಈಗಲ್ಸ್, ಕ್ವೀನ್, ಫ್ಲೀಟ್‌ವುಡ್ ಮ್ಯಾಕ್ ತಂಡಗಳ ಹಾಡುಗಳು ಎರಡೂ ಫಾರ್ಮ್ಯಾಟ್‌ಗೆ ಹೊಂದುತ್ತವೆ. ಹಾಗಾದರೆ ಭಿನ್ನತೆ ಉಳಿಯುವುದು ಅಂಚುಗಳಲ್ಲಿ. ಮೈಕಲ್ ಜಾಕ್ಸನ್, ಡೊನ್ನಾ ಸಮರ್ ಒಂದು ಕಡೆಗೆ. ಲೆಡ್ ಜೆಪ್ಲಿನ್, ಪಿಂಕ್ ಫ್ಲಾಯ್ಡ್ ಇನ್ನೊಂದು ಕಡೆಗೆ.

ಕ್ಯೂ 104.3 ತನ್ನ ಕೇಳುಗರನ್ನು ಹಿಡಿದಿಡಲು ಒಂದು ಜಾಣ ಉಪಾಯ ಮಾಡಿದೆ. ಪ್ರತಿ ವರ್ಷ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಕೇಳುಗರಿಂದ ಮತ ಪಡೆದು 1,043 ಹಾಡುಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಪ್ರಸಾರ ಮಾಡುತ್ತದೆ. ಆ ಸಂಖ್ಯೆ ಬಂದದ್ದು ಕೇಂದ್ರದ ನಂಬರಿನಿಂದಲೇ. ಹಾಡು ಯಾರು ಬೇಕಾದರೂ ಹಾಕಬಹುದು, ಈ ಆಚರಣೆಯನ್ನು ಪಕ್ಕದ ಕೇಂದ್ರ ನಕಲು ಮಾಡಲಾಗದು. ಬೆಲೆಯಿಲ್ಲದ ಪೈಪೋಟಿ ಎಂದರೆ ಏನೆಂದು ಪರೀಕ್ಷೆಯಲ್ಲಿ ಕೇಳಿದರೆ ಇದನ್ನು ಬರೆಯಬಹುದು.

6. ಲೆಕ್ಕಕ್ಕೆ ಬಾರದ ಕೇಳುಗರು

ನಮ್ಮ ಮನೆಮಾತು ಉರ್ದು. ಮನೆಯಲ್ಲಿ ದಾದಿ ಇದ್ದಾರೆ. ಕನ್ನಡದಲ್ಲಿ ದಾದಿ ಎಂದರೆ ನರ್ಸ್, ಉರ್ದುವಿನಲ್ಲಿ ಅಪ್ಪನ ತಾಯಿ. ಅವರಿಗೆ ಎಪ್ಪತ್ತು ದಾಟಿದೆ. ಅಮೆರಿಕದ ಆ ಲೆಕ್ಕದ ಪ್ರಕಾರ ಅವರ ಕಿವಿಗೆ ಬೆಲೆ ಇಲ್ಲ. ಆದರೆ ನಮ್ಮ ಮನೆಗೆ ಯಾವ ಎಣ್ಣೆ ಬರಬೇಕು, ಈದ್‌ಗೆ ಬಟ್ಟೆ ಯಾವ ಅಂಗಡಿಯಲ್ಲಿ ಕೊಳ್ಳಬೇಕು ಎಂದು ತೀರ್ಮಾನಿಸುವುದು ದಾದಿಯೇ. ಅಬ್ಬಾ ಹಣ ಕೊಡುತ್ತಾರೆ ಅಷ್ಟೆ. ಕೊಳ್ಳುವವರ ವಯಸ್ಸು ಒಂದು, ಕೊಳ್ಳಿ ಎಂದು ಹೇಳುವವರ ವಯಸ್ಸು ಇನ್ನೊಂದು. 25–54 ಎಂಬ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಹಾಗಾಗಿ ಆ ಪಟ್ಟಿಯನ್ನು ಮಾರುಕಟ್ಟೆಯ ಸತ್ಯವೆಂದು ಒಪ್ಪುವ ಮೊದಲು ಅದು ಒಂದು ಅಂದಾಜು ಎಂಬುದನ್ನು ನೆನಪಿಡಬೇಕು.

ಬೆಲೆ ಇಲ್ಲದ ಕಿವಿಗಳಿಗೆ ಹಾಡು ತಲುಪಲು ಎರಡು ದಾರಿಗಳಿವೆ. ಮೊದಲನೆಯದು, ಕೇಳುಗರೇ ಹಣ ಕೊಡುವುದು. 60ರ ದಶಕದಲ್ಲಿ ನ್ಯೂಯಾರ್ಕ್‌ನ ಡಬ್ಲ್ಯುಎಬಿಸಿ ಕೇಂದ್ರದಲ್ಲಿ ಹೆಸರಾಗಿ, ಆಮೇಲೆ 101.1ರಲ್ಲಿದ್ದ ನಿರೂಪಕ ಬ್ರೂಸ್ ಮಾರೋ 2005ರಲ್ಲಿ ಸಿರಿಯಸ್ ಎಂಬ ಉಪಗ್ರಹ ರೇಡಿಯೋಗೆ ಹೋದರು. ಅದು ಚಂದಾ ಹಣದಿಂದ ನಡೆಯುತ್ತದೆ. ಅಲ್ಲಿ ಕೇಳುಗನೇ ಗಿರಾಕಿ. 63 ವರ್ಷದವನ ಚಂದಾ ಮತ್ತು 33 ವರ್ಷದವನ ಚಂದಾ ಎರಡೂ ಒಂದೇ. ಎರಡನೆಯ ದಾರಿ ಸಾರ್ವಜನಿಕ ಪ್ರಸಾರ. ನಮ್ಮ ವಿವಿಧ ಭಾರತಿ 1957ರ ಅಕ್ಟೋಬರ್ 3ರಂದು ಆರಂಭವಾಯಿತು, ಆಮೇಲೆ ಜಾಹೀರಾತುಗಳನ್ನೂ ತೆಗೆದುಕೊಂಡಿತು. ಆದರೆ ಅದು ಆಕಾಶವಾಣಿಯ ಭಾಗವಾದ್ದರಿಂದ ಜಾಹೀರಾತಿನ ವಯಸ್ಸಿನ ಪಟ್ಟಿಯೊಂದನ್ನೇ ನೋಡಿ ನಡೆಯಬೇಕಿಲ್ಲ. ಅದರ ‘ಭೂಲೇ ಬಿಸ್ರೇ ಗೀತ್’ ಕಾರ್ಯಕ್ರಮದಲ್ಲಿ ದಾದಿಯ ಕಾಲದ ಹಾಡುಗಳು ಬರುತ್ತವೆ.

ನೆನಪಿಡಬೇಕಾದ ಅಂಶಗಳು

• ಸರಕು ಬಳಸುವವರು ಮತ್ತು ಹಣ ಕೊಡುವವರು ಬೇರೆಯಾದಾಗ, ವ್ಯಾಪಾರ ಹಣ ಕೊಡುವವರ ಕಡೆಗೆ ವಾಲುತ್ತದೆ.
• ಕೇಂದ್ರಗಳು ಹೆಚ್ಚಿದ ಮಾತ್ರಕ್ಕೆ ಆಯ್ಕೆ ಹೆಚ್ಚುವುದಿಲ್ಲ. ಹಲವು ಕೇಂದ್ರಗಳು ಒಂದೇ ಗುಂಪಿನ ಹಿಂದೆ ಬೀಳಬಹುದು.
• ಒಬ್ಬ ಮಾಲೀಕನ ಕೈಯಲ್ಲಿ ಹಲವು ಕೇಂದ್ರಗಳಿದ್ದರೆ ಸರಕಿನ ಭಿನ್ನತೆ ಹೆಚ್ಚಬಹುದು.
• ಫಾರ್ಮ್ಯಾಟ್‌ನ ಹೆಸರು ಹಾಡಿನದಾದರೂ ಅದರ ಗುರಿ ವಯಸ್ಸು.

ನೀವೇ ಮಾಡಿ ನೋಡಿ

1. ಮೇಲಿನ ಲೆಕ್ಕದಲ್ಲಿ ಹಿರಿಯ ಕೇಳುಗರ ಬೆಲೆಯನ್ನು 5ರ ಬದಲು 8 ರೂಪಾಯಿ ಮಾಡಿ. ಹಳೆಯ ಹಾಡು ಎಷ್ಟನೆಯ ಕೇಂದ್ರದಲ್ಲಿ ಬರುತ್ತದೆ?
2. ನಿಮ್ಮ ಊರಿನಲ್ಲಿ ಸಿಗುವ ಎರಡು ಎಫ್.ಎಂ. ಕೇಂದ್ರಗಳನ್ನು ತಲಾ ಒಂದು ಗಂಟೆ ಕೇಳಿ. ಹಾಡುಗಳನ್ನು ಬಿಟ್ಟು ಜಾಹೀರಾತುಗಳನ್ನು ಮಾತ್ರ ಪಟ್ಟಿ ಮಾಡಿ. ಆ ಪಟ್ಟಿ ನೋಡಿ, ಕೇಂದ್ರ ಯಾವ ವಯಸ್ಸಿನವರನ್ನು ಮಾರುತ್ತಿದೆ ಎಂದು ಹೇಳಬಲ್ಲಿರಾ? ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅವರು ಯಾವ ಜಾಹೀರಾತಿಗೆ ಕಿವಿಗೊಟ್ಟರು ಎಂಬುದನ್ನು ಬೇರೆ ಅಂಕಣದಲ್ಲಿ ಬರೆಯಿರಿ.