ಕರೆಂಟು ಹೋದ ಸುದ್ದಿ ಎರಡಕ್ಕೂ ಮುಟ್ಟಬೇಕು

ಮದುವೆ ವಿಡಿಯೊ ಮಾಡುವವರ ಮನೆಯಲ್ಲಿ ಎಡಿಟಿಂಗ್ ಕಂಪ್ಯೂಟರ್ ಜೊತೆಗೆ ಈಗ ನೆಟ್‌ವರ್ಕ್‌ನಲ್ಲಿ ಫೈಲ್ ಕೂಡಿಡುವ ಒಂದು ನಾಸ್ ಪೆಟ್ಟಿಗೆಯೂ ಬಂದು ಕೂತಿದೆ. ಎರಡಕ್ಕೂ ಒಂದೇ ಯುಪಿಎಸ್ ಸಾಕಾ ಎಂದು ನ್ಯಾಮತಿ, ಚನ್ನಗಿರಿ ಕಡೆಯ ಸ್ಟುಡಿಯೊ ಗೆಳೆಯರು ಕೇಳುತ್ತಲೇ ಇರುತ್ತಾರೆ. ಸಾಕು. ಆದರೆ ಕರೆಂಟು ಹೋದ ಸುದ್ದಿ ಎರಡಕ್ಕೂ ಮುಟ್ಟಬೇಕು. ಯುಪಿಎಸ್ ಮಾರಿದವನು ಇದನ್ನು ನನಗೆ ಹೇಳಲಿಲ್ಲ. ಬಾಯಿಬಿಟ್ಟು ಕೇಳಿದರೂ ಹೇಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಯುಪಿಎಸ್ ಹಿಂದುಗಡೆ ಪ್ಲಗ್ ಹಾಕಲು ಜಾಗ ಬೇಕಾದಷ್ಟು, ಡೇಟಾ ಕೇಬಲ್‌ಗೆ ಮಾತ್ರ ಒಂದೇ ಯುಎಸ್‌ಬಿ ತೂತು. ಅಂಗಡಿಯ ಹುಡುಗ ಹೊನ್ನಾಳಿಯ ನಮ್ಮ ಮನೆಗೇ ಬಂದು ಆ ಕೇಬಲನ್ನು ಕಂಪ್ಯೂಟರ್‌ಗೆ ಸಿಕ್ಕಿಸಿದ.

‘ಪೆಟ್ಟಿಗೆಗೆ ಹೆಂಗಪ್ಪಾ ಗೊತ್ತಾಗುತ್ತೆ?’ ಅಂದೆ.

‘ಅದಕ್ಕೇನೂ ಬೇಡಣ್ಣಾ, ಬ್ಯಾಕಪ್ ಇರುತ್ತಲ್ಲ’ ಅಂದ. ಪಕ್ಕದಲ್ಲಿದ್ದ ನಮ್ಮ ಭಾವ, ‘ದಿನಾ ಇದೇ ಕೆಲ್ಸ ಮಾಡೋರು, ಅವ್ರಿಗೆ ಗೊತ್ತಿರಲ್ವಾ? ಸುಮ್ನಿರು’ ಎಂದು ನನ್ನ ಬಾಯಿ ಮುಚ್ಚಿಸಿದರು. ಕಂಪ್ಯೂಟರ್ ವಿಷಯದಲ್ಲಿ ಭಾವನವರ ಮಾತು ಈಗ ನಮ್ಮ ಮನೆಯಲ್ಲಿ ನಡೆಯುವುದಿಲ್ಲ.

ಭರಣಿ ಮಳೆಯ ಹೊತ್ತು, ಮದುವೆ ಸೀಸನ್. ಚನ್ನಗಿರಿಯ ಒಂದು ಮದುವೆ ಮುಗಿಸಿ ಬಂದಿದ್ದೆ. ಹಿಂದಿನ ದಿನ ಸಂತೇಬೆನ್ನೂರು ಪುಷ್ಕರಣಿಯ ಮೆಟ್ಟಿಲ ಮೇಲೆ ಜೋಡಿಯ ಶೂಟಿಂಗ್ ಆಗಿತ್ತು. ಮರುದಿನ ಬೆಳಗ್ಗೆ ಜಗಳೂರಿನಲ್ಲಿ ಮುಹೂರ್ತ. ಅಷ್ಟರಲ್ಲಿ ಕ್ಯಾಮೆರಾ ಕಾರ್ಡ್‌ಗಳು ಖಾಲಿಯಾಗಲೇಬೇಕು. ಪೆಟ್ಟಿಗೆಗೆ ಕಾಪಿ ಹಾಕಿ ಕೂತೆ. ಗಾಳಿ ಎದ್ದಿತು, ಕರೆಂಟು ಹೋಯಿತು.

ಯುಪಿಎಸ್ ಕೂಗತೊಡಗಿತು. ಕತ್ತಲ ಕೋಣೆಯಲ್ಲಿ ಮಾನಿಟರ್ ಬೆಳಕು, ಅದರ ಮೇಲೆ ಕಾಪಿಯ ಹಸಿರು ಪಟ್ಟಿ ತೆವಳುತ್ತಿದೆ. ಮುಗಿದೀತು ಅಂದುಕೊಂಡೆ. ಲೈನ್‌ಮನ್‌ಗೆ ಫೋನ್ ಮಾಡಿದರೆ ರಿಂಗಾಯಿತು, ಎತ್ತಲಿಲ್ಲ. ಬ್ಯಾಟರಿ ಇಳಿದಾಗ ಕಂಪ್ಯೂಟರ್‌ಗೆ ಕೇಬಲ್‌ನಿಂದ ಸುದ್ದಿ ಮುಟ್ಟಿತು. ಅದು ಶಿಸ್ತಾಗಿ ತನ್ನ ಬಾಗಿಲು ಹಾಕಿಕೊಂಡಿತು. ಪೆಟ್ಟಿಗೆಯ ನೀಲಿ ದೀಪ ಇನ್ನೂ ಮಿನುಗುತ್ತಿತ್ತು, ಒಳಗೆ ಡಿಸ್ಕ್ ತಿರುಗುವ ಸದ್ದು ಕೇಳುತ್ತಿತ್ತು. ಒಂದು ಹೊರೆ ಇಳಿಯಿತು, ಇನ್ನು ಪೆಟ್ಟಿಗೆ ಬಹಳ ಹೊತ್ತು ಬದುಕುತ್ತದೆ ಎಂದು ಉಸಿರುಬಿಟ್ಟೆ. ಅಷ್ಟರಲ್ಲಿ ಯುಪಿಎಸ್ ಒಳಗೆ ‘ಟಕ್’ ಎಂದಿತು. ಎಲ್ಲ ದೀಪ ಒಟ್ಟಿಗೆ ಆರಿದವು.

ಕಾರಣ ಆಮೇಲೆ ತಿಳಿಯಿತು. ಕೆಲವು ಯುಪಿಎಸ್ ತಂತ್ರಾಂಶಗಳು ಕಂಪ್ಯೂಟರ್ ಆರಿಸಿದ ಮೇಲೆ ‘ಇನ್ನು ನೀನೂ ಆರು’ ಎಂದು ಯುಪಿಎಸ್‌ಗೂ ಆದೇಶ ಕೊಟ್ಟು ಹೋಗುತ್ತವೆ. ಪಕ್ಕದಲ್ಲಿ ಇನ್ನೊಂದು ಯಂತ್ರ ಬರೆಯುತ್ತಾ ಕೂತಿದೆ ಎಂಬುದು ಅವಕ್ಕೆ ಹೇಗೆ ಗೊತ್ತಾಗಬೇಕು?

ಕರೆಂಟು ಬಂದಾಗ ಪೆಟ್ಟಿಗೆ ಬೀಪ್ ಬೀಪ್ ಎನ್ನುತ್ತಲೇ ಎದ್ದಿತು. ಕಿತ್ತಳೆ ದೀಪ, ಪರದೆ ಮೇಲೆ ‘ಡಿಗ್ರೇಡೆಡ್’. ಜೋಡಿ ಡಿಸ್ಕ್‌ಗಳಲ್ಲಿ ಒಂದು ಹೊರಗೆ ಬಿದ್ದಿತ್ತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ತೆಗೆದ ಸೇವಾಲಾಲ್ ಜಯಂತಿಯ ದೃಶ್ಯಗಳು, ಎಷ್ಟೋ ಮನೆಯ ಧಾರೆ, ಈಗ ಇಲ್ಲದ ಎಷ್ಟೋ ಅಜ್ಜ ಅಜ್ಜಿಯರ ಮುಖ, ಎಲ್ಲ ಉಳಿದ ಒಂದೇ ಡಿಸ್ಕ್ ಮೇಲೆ. ಕೈಕಾಲು ತಣ್ಣಗಾದವು. ರಿಪೇರಿ ಶೇಕಡಾ ಒಂದೊಂದೇ ಏರುವುದನ್ನು ನೋಡುತ್ತಾ ಬೆಳಗು ಮಾಡಿದೆ. ಊರ ಗೆಳೆಯನೊಬ್ಬನ ಕಾರ್ಡ್ ಇಸಕೊಂಡು ಜಗಳೂರಿಗೆ ಹೋಗಿ, ಮುಖದಲ್ಲಿ ತೋರಿಸದೆ ಮುಹೂರ್ತ ಮುಗಿಸಿದೆ. ಅರ್ಧ ಕಾಪಿಯಾದ ಫೈಲ್ ಮಾತ್ರ ಕೆಟ್ಟಿತ್ತು. ಮೂಲ ಕಾರ್ಡ್ ಅಳಿಸಿರಲಿಲ್ಲವಾದ್ದರಿಂದ ಅದೂ ದಕ್ಕಿತು.

ಈಗ ಅದೇ ಒಂದು ಯುಪಿಎಸ್‌ನಲ್ಲಿ ಎರಡೂ ನಡೆಯುತ್ತಿವೆ. ಕೇಬಲ್ ಪೆಟ್ಟಿಗೆಗೆ ಹಾಕಿ. ನನ್ನದು ಸೈನಾಲಜಿ, ಅದರ ಕಂಟ್ರೋಲ್ ಪ್ಯಾನಲ್‌ನಲ್ಲಿ ಯುಪಿಎಸ್ ವಿಭಾಗಕ್ಕೆ ಹೋಗಿ ನೆಟ್‌ವರ್ಕ್ ಯುಪಿಎಸ್ ಸರ್ವರ್ ಚಾಲೂ ಮಾಡಿ, ಕಂಪ್ಯೂಟರ್‌ನ ಐಪಿ ವಿಳಾಸವನ್ನು ಅನುಮತಿ ಪಟ್ಟಿಗೆ ಸೇರಿಸಬೇಕು. ವಿಂಡೋಸ್‌ನಲ್ಲಿ ವಿನ್‌ನಟ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಪೆಟ್ಟಿಗೆಯಿಂದ 3493ನೇ ಪೋರ್ಟ್ ಮೂಲಕ ಸುದ್ದಿ ಬರುತ್ತದೆ. ಸುದ್ದಿ ಸಾಗುವುದು ರೂಟರ್ ದಾಟಿ, ಹಾಗಾಗಿ ರೂಟರ್ ಕೂಡ ಯುಪಿಎಸ್‌ನ ಬ್ಯಾಟರಿ ಸಾಕೆಟ್‌ನಲ್ಲೇ ಇರಲಿ. ಇದನ್ನು ಬಿಟ್ಟವರೇ ಹೆಚ್ಚು. ಕಂಪ್ಯೂಟರ್ ಮೊದಲು ಆರಲಿ, ಪೆಟ್ಟಿಗೆ ಕೊನೆಗೆ.

ಲೆಕ್ಕವನ್ನೂ ನೋಡಿ. 1100 ವಿಎ ಎಂದು ದೊಡ್ಡಕ್ಷರದಲ್ಲಿ ಬರೆದದ್ದು ನನ್ನ ಯುಪಿಎಸ್‌ನಲ್ಲಿ 660 ವ್ಯಾಟ್ ಅಷ್ಟೇ. 12 ವೋಲ್ಟ್, 7 ಎಎಚ್‌ನ ಒಂದು ಬ್ಯಾಟರಿಯಲ್ಲಿ ಇರುವುದು 84 ವ್ಯಾಟ್‌ಅವರ್. ಗ್ರಾಫಿಕ್ಸ್ ಕಾರ್ಡ್ ದುಡಿಯುವಾಗ ಅಷ್ಟೂ ಸಿಗುವುದಿಲ್ಲ. ಲೇಸರ್ ಪ್ರಿಂಟರ್ ಯುಪಿಎಸ್ ಹತ್ತಿರವೂ ಬರಬಾರದು.

ಪರೀಕ್ಷೆ ಮಾಡುವಾಗ ಪ್ಲಗ್ ಕೀಳಬೇಡಿ, ಗೋಡೆಯ ಸ್ವಿಚ್ ಆರಿಸಿ, ಅರ್ಥಿಂಗ್ ಉಳಿಯುತ್ತದೆ. ನಮ್ಮ ಸೆಕೆಗೆ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸೋಲುತ್ತದೆ. ಹಾಕಿದ ತಾರೀಖು ಬರೆದು ಮೇಲೆ ಅಂಟಿಸಿ. ಅಂಗಡಿಯವನು ‘ಇನ್ನೂ ನಡೀತದಣ್ಣಾ’ ಅಂದರೆ, ಸ್ವಿಚ್ ಆರಿಸಿ ಅವನೆದುರೇ ಓಡಿಸಿ ತೋರಿಸಲು ಹೇಳಿ.