ಗಾಯಗೊಂಡ ನಾಯಿಗೆ ಅಂಗೈಯ ಆರೈಕೆ

ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ, ಮೆಣಸಿನ ಬಳ್ಳಿಯ ಸೊರಗು ರೋಗ ಎಂದು ಬರೆಯುತ್ತ ಬಂದಿರುವ ನಾವು ಈ ಸಲ ನಾಯಿಯ ವಿಷಯ ಎತ್ತಿಕೊಂಡಿರುವುದನ್ನು ಕಂಡು ಕೆಲವು ಸದಸ್ಯರು ನಗಬಹುದು. ಆದರೆ ಕಳೆದ ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ಬೋರ್ಡೋ ದ್ರಾವಣಕ್ಕಿಂತ ಹೆಚ್ಚು ಹೊತ್ತು ನಡೆದ ಮಾತು ಉರುಳಿಗೆ ಸಿಕ್ಕಿ ಕಾಲು ಕಳೆದುಕೊಂಡ ನಾಯಿಗಳದ್ದೇ ಆಗಿತ್ತು. ಕಾಡಂಚಿನಲ್ಲಿ ಒಂಟಿ ಮನೆ ಮಾಡಿಕೊಂಡಿರುವ ಸಣ್ಣ ಹಿಡುವಳಿದಾರನಿಗೆ ರಾತ್ರಿಯ ಕಾವಲುಗಾರ, ಹಂದಿ ಬಂದ ಸುದ್ದಿ ಹೇಳುವವ, ಕಣದಲ್ಲಿ ಒಣಗಿದ ಕಾಫಿಯ ಕಾವಲಿಗಿರುವವ, ಎಲ್ಲವೂ ನಾಯಿಯೇ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಹದಿನೈದು ವರ್ಷಗಳ ಹಿಂದೆ ನಮ್ಮಲ್ಲಿ ಟೈಗರ್ ಎಂಬ ನಾಯಿ ಇತ್ತು. ಜೀಪಿನ ಚಕ್ರ ತಾಗಿ ಅದರ ಹಿಂಗಾಲಿಗೆ ಪೆಟ್ಟಾಯಿತು. ಮೂಳೆ ಮುರಿದಿರಲಿಲ್ಲ. ಗಾಯ ಮಾಯ್ದ ಮೇಲೂ ಅದು ಕಾಲೂರದಿದ್ದಾಗ ಇನ್ನಷ್ಟು ವಿಶ್ರಾಂತಿ ಬೇಕೆಂದು ಭಾವಿಸಿ ಎರಡು ತಿಂಗಳು ಕೊಟ್ಟಿಗೆಯ ಮೂಲೆಯಲ್ಲಿ ಸರಪಳಿ ಹಾಕಿ ಕಟ್ಟಿದೆವು. ಅಷ್ಟರಲ್ಲಿ ತೊಡೆ ಒಣಗಿ ಕೋಲಿನಂತಾಯಿತು, ಮಂಡಿ ಮಡಚಿದಲ್ಲೇ ಸೆಟೆದು ನಿಂತಿತು. ನೆಲಕ್ಕೆ ಉಜ್ಜಿ ಉಜ್ಜಿ ಪಾದದ ಮೇಲೆ ವ್ರಣವಾಯಿತು. ಕೊನೆಗೆ ಕೋವಿ ತೆಗೆದೆವು. ಅದು ಕನಿಕರದ ಕೆಲಸವೆಂದೇ ಆಗ ತಿಳಿದಿದ್ದೆವು. ಆ ನಾಯಿಗೆ ಬೇಕಾಗಿದ್ದುದು ದಿನಕ್ಕೆ ಅರ್ಧ ಗಂಟೆ ನಮ್ಮ ಕೈ ಮಾತ್ರ ಎಂಬುದು ತಿಳಿದದ್ದು ತೀರಾ ಈಚೆಗೆ.

ಎರಡು ಮಳೆಗಾಲದ ಹಿಂದೆ ನಮ್ಮ ಕೆಂಚ ಮೂರು ದಿನ ಕಾಣೆಯಾಗಿದ್ದವನು ತೋಡಿನ ಬದಿಯಲ್ಲಿ ಸಿಕ್ಕಿದ. ಹಂದಿಗೆಂದು ಯಾರೋ ಕಟ್ಟಿದ್ದ ಕ್ಲಚ್ ವಯರಿನ ಉರುಳು ಹಿಂಗಾಲಿನ ಹಿಮ್ಮಡಿಯ ಮೇಲೆ ಮಾಂಸದೊಳಕ್ಕೆ ಇಳಿದಿತ್ತು. ಮೇಸ್ತ್ರಿ ನೋಡಿದವನೇ, "ಅಯ್ಯಾ, ಇದು ಇನ್ನು ಮೂರು ಕಾಲಿನ ಪ್ರಾಣಿ. ಸುಮ್ನೆ ಯಾಕೆ ನೋಯಿಸ್ತೀರಿ, ಕೋವಿ ತನ್ನಿ" ಎಂದ. ಟೈಗರನ ನೆನಪಾಗಿ ಕೋವಿಯ ಬದಲು ಜೀಪು ತೆಗೆದೆವು. ಪಶುವೈದ್ಯರು ವಯರು ಬಿಡಿಸಿ, ಸತ್ತ ಚರ್ಮ ಕತ್ತರಿಸಿ, ತೊಳೆದು, ಹೊಲಿಗೆ ಹಾಕಿ ಇಂಜೆಕ್ಷನ್ ಕೊಟ್ಟರು. ಹೊಲಿಗೆ ಬಿಚ್ಚುವ ದಿನ, "ನರ ಉಳಿದಿದೆ, ಮೂಳೆ ಸರಿಯಿದೆ. ನನ್ನ ಕೆಲಸ ಮುಗಿಯಿತು, ಇನ್ನು ನಿಮ್ಮದು" ಎಂದು ಮೇಜಿನ ಮೇಲೆಯೇ ಕಾಲು ಗಂಟೆ ನಮ್ಮ ಕೈ ಹಿಡಿದು ಪಾಠ ಹೇಳಿದರು. ಆ ಪಾಠವನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ.

ಕೆಲಸವಿಲ್ಲದ ಮಾಂಸಖಂಡ ಕೆಲವೇ ವಾರಗಳಲ್ಲಿ ಕರಗುತ್ತದೆ. ಅಲುಗಾಡದ ಕೀಲಿನ ಸುತ್ತಲ ಪೊರೆ ಬಿಗಿದುಕೊಂಡು ಗಿಡ್ಡವಾಗುತ್ತದೆ. ಇವೆರಡರ ಜೊತೆಗೆ ಮೂರನೆಯದೊಂದಿದೆ: ನೋವು ಹೋದ ಮೇಲೂ ನಾಯಿ ಆ ಕಾಲನ್ನು ನಂಬುವುದಿಲ್ಲ. ಮೂರು ಕಾಲಿನಲ್ಲಿ ಕುಂಟುವುದು ಅದಕ್ಕೆ ಬಲುಬೇಗ ರೂಢಿಯಾಗಿಬಿಡುತ್ತದೆ. ಹಾಗೆ ಕುಂಟುವಾಗ ಭಾರವೆಲ್ಲ ಮುಂಗಾಲು, ಭುಜ, ಬೆನ್ನುಗಳ ಮೇಲೆ ಬಿದ್ದು ಗಾಯವಿಲ್ಲದ ಜಾಗಗಳೂ ಗಂಟುಕಟ್ಟುತ್ತವೆ. ಮೆತ್ತನೆಯ ಕೈ ಚರ್ಮ, ಮಾಂಸಗಳಲ್ಲಿ ರಕ್ತ ಓಡಾಡುವಂತೆ ಮಾಡುತ್ತದೆ, ಬಾವಿನ ನೀರನ್ನು ಮೇಲಕ್ಕೆ ಸರಿಸುತ್ತದೆ, ಕೀಲನ್ನು ಸಡಿಲವಾಗಿಡುತ್ತದೆ, ಮರೆತ ಕಾಲನ್ನು ನಾಯಿಗೆ ನೆನಪಿಸುತ್ತದೆ. ಆದರೆ ಮುರಿದ ಮೂಳೆಯನ್ನು ಕೂಡಿಸುವುದಾಗಲಿ ಕೀವನ್ನು ಒಣಗಿಸುವುದಾಗಲಿ ಕೈಯಿಂದ ಆಗದು. ಕರಗಿದ ಮಾಂಸವನ್ನು ತುಂಬುವುದೂ ನಡಿಗೆಯೇ. ಆ ನಡಿಗೆಗೆ ಕಾಲನ್ನು ಸಿದ್ಧಮಾಡುವುದಷ್ಟೇ ಕೈಯ ಕೆಲಸ.

ಈ ವಿದ್ಯೆಯ ಹಿಂದೆ ಒಂದು ಸ್ವಾರಸ್ಯವಾದ ಕತೆಯಿದೆ. ಮೋಶೆ ಫೆಲ್ಡೆನ್‌ಕ್ರೈಸ್ ಎಂಬ ಭೌತಶಾಸ್ತ್ರಜ್ಞರು (1904–1984) ಜೂಡೋ ಬಲ್ಲವರು. ತಮ್ಮದೇ ಮಂಡಿ ಪೆಟ್ಟಾಗಿ ಕೆಟ್ಟಾಗ, ದೇಹದ ಚಲನೆಯನ್ನು ನಿಧಾನವಾಗಿ ಗಮನಿಸಿ ಮತ್ತೆ ಕಲಿಯುವ ಪದ್ಧತಿಯೊಂದನ್ನು ರೂಪಿಸಿದರು. 1970ರ ದಶಕದಲ್ಲಿ ಅಮೆರಿಕದಲ್ಲಿ ಅವರ ಬಳಿ ಕಲಿತ ಲಿಂಡಾ ಟೆಲ್ಲಿಂಗ್ಟನ್-ಜೋನ್ಸ್ ಎಂಬ ಕುದುರೆ ಪಳಗಿಸುವ ಹೆಂಗಸು ಅದನ್ನು ಕುದುರೆಗಳಿಗೂ ಆಮೇಲೆ ನಾಯಿಗಳಿಗೂ ಹೊಂದಿಸಿದರು. ಬೆರಳ ತುದಿಯಿಂದ ಚರ್ಮವನ್ನು ಒಂದು ಸುತ್ತು, ಮೇಲೊಂದು ಕಾಲು ಸುತ್ತು ತಿರುಗಿಸುವುದು ಅವರ ಕ್ರಮ. ಅವರ ಹಿಂಬಾಲಕರು ಈ ಸುತ್ತಿಗೆ ಆರೋಪಿಸುವ ಗುಣಗಳನ್ನೆಲ್ಲ ನಾವು ನಂಬಬೇಕಾಗಿಲ್ಲ. ಹೆದರಿದ ನಾಯಿ ಆ ಸ್ಪರ್ಶಕ್ಕೆ ಸಡಿಲವಾಗುವುದನ್ನು ಮಾತ್ರ ನಾವು ಕಣ್ಣಾರೆ ಕಂಡಿದ್ದೇವೆ. ಕೂಸಿಗೆ ಎಣ್ಣೆನೀರು ಹಾಕುವ ನಮ್ಮ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣಲಾರದು.

ಯಾವಾಗ ಮುಟ್ಟಬಾರದು ಎಂಬುದೇ ಇಲ್ಲಿ ಮೊದಲ ಪಾಠ. ನಾಯಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ವರ್ಷವರ್ಷವೂ ಆಗಿರಬೇಕು. ಸ್ವರ ಬದಲಾದ, ಜೊಲ್ಲು ಸುರಿಸುವ, ನುಂಗಲಾರದ, ಕಾರಣವಿಲ್ಲದೆ ಕಾಲೆಳೆಯುವ ನಾಯಿಯ ಬಳಿ ಕೈ ಒಯ್ಯಲೇಬಾರದು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವುದಂತೂ ಪ್ರಾಣಕ್ಕೇ ಅಪಾಯ. ಕಸಿಕತ್ತಿಯ ಗೀರು, ಅಡಿಕೆ ಸುಲಿದ ಗಾಯ ನಮ್ಮ ಕೈಗಳಲ್ಲಿ ಯಾವಾಗಲೂ ಇದ್ದೇ ಇರುತ್ತವೆ. ಅಂಥ ಕೈಗೆ ಸಂಶಯದ ನಾಯಿಯ ಜೊಲ್ಲು ತಾಗಿದರೆ ಹದಿನೈದು ನಿಮಿಷ ಸೋಪುನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಜ್ವರ. ನಾಯಿಯ ಸಹಜ ಕಾವು ನಮಗಿಂತ ಹೆಚ್ಚು, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದಕ್ಕೂ ಮೇಲೇರಿದ್ದರೆ ನೀವುವುದು ಬೇಡ. ನಮ್ಮ ಕಡೆಯ ಉಣ್ಣೆಜ್ವರದಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗಿರುತ್ತದೆ. ಒಸಡು ಬಿಳಿಚಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆಯಿದ್ದರೆ ಒತ್ತಿದಲ್ಲೆಲ್ಲ ಒಳಗೇ ರಕ್ತ ಸೋರಬಹುದು. ಹಾವು ಕಚ್ಚಿದ ಕಾಲು, ಮೂಳೆ ಮುರಿದು ಇನ್ನೂ ಕಟ್ಟದ ಕಾಲು, ಕೀವುಗಟ್ಟಿದ ಜಾಗ, ಗಂಟು, ಗೆಡ್ಡೆ ಇವೂ ಬೇಡ. ಹೊಸ ಪೆಟ್ಟಿಗೆ ಮೊದಲ ಎರಡು ಮೂರು ದಿನ ತಣ್ಣೀರ ಬಟ್ಟೆಯೇ ಸರಿ, ಶಾಖ ಕೊಡಬಾರದು. ಎಣ್ಣೆಯೂ ಅನಾವಶ್ಯಕ. ನೀಲಗಿರಿ ಎಣ್ಣೆ, ಕರ್ಪೂರ, ಪೇಟೆಯ ನೋವಿನ ಮುಲಾಮು ಇವನ್ನು ನಾಯಿ ನೆಕ್ಕುತ್ತದೆ, ನೆಕ್ಕಿದರೆ ವಿಷ. ಮನುಷ್ಯರ ನೋವಿನ ಮಾತ್ರೆಯೂ ಅಷ್ಟೇ.

ಈಗ ಕ್ರಮಕ್ಕೆ ಬರೋಣ. ಮಧ್ಯಾಹ್ನದ ಊಟವಾಗಿ ಆಳುಗಳು ಮಲಗಿದ ನಿಶ್ಶಬ್ದದ ಹೊತ್ತು ಒಳ್ಳೆಯದು. ನುಣುಪಾದ ಕಾವಿ ನೆಲದ ಮೇಲೆ ನಾಯಿ ಜಾರುವ ಭಯದಲ್ಲಿರುತ್ತದೆ, ಆದ್ದರಿಂದ ಗೋಣಿತಾಟು ಹಾಸಬೇಕು. ನಾವು ಅದರ ಎದುರಿಗಲ್ಲ, ಪಕ್ಕಕ್ಕೆ ಕೂರಬೇಕು. ಮೊದಲು ಗಾಯದಿಂದ ದೂರದ ಭುಜದ ಮೇಲೆ ಅಂಗೈ ಇಟ್ಟು ಸುಮ್ಮನಿರಬೇಕು, ಅದರ ಉಸಿರು ನಿಧಾನವಾಗುವ ತನಕ. ನಮಗೆ ಬಹಳ ಕಷ್ಟವಾದದ್ದು ಇದೇ. ಏನಾದರೂ ಮಾಡುತ್ತಲೇ ಇರಬೇಕೆನ್ನುವ ಬೆಳೆಗಾರನ ಕೈಗೆ ಸುಮ್ಮನಿರುವ ಅಭ್ಯಾಸವಿಲ್ಲ. ಆಮೇಲೆ ಕತ್ತಿನಿಂದ ಬಾಲದವರೆಗೆ ರೋಮದ ದಿಕ್ಕಿನಲ್ಲಿ ಉದ್ದಕ್ಕೆ ನೀವಬೇಕು. ತಿಕ್ಕುವುದಲ್ಲ, ನೀವುವುದು. ಕೈಯ ತೂಕವಷ್ಟೇ ಸಾಕು. ಹೀಗೆ ನೀವುವಾಗ ಎಲ್ಲಿ ಬಿಸಿಯಿದೆ, ಎಲ್ಲಿ ಬಿಗಿಯಿದೆ, ಎಲ್ಲಿ ಚರ್ಮ ನಡುಗುತ್ತದೆ ಎಂಬುದು ಬೆರಳಿಗೇ ತಿಳಿಯುತ್ತ ಬರುತ್ತದೆ.

ಬಿಗಿಯಿದ್ದಲ್ಲಿ ಮೂರು ಬೆರಳ ಮೆತ್ತೆಯಿಂದ ಚರ್ಮವನ್ನು ಮೆಲ್ಲಗೆ ಸುತ್ತು ತಿರುಗಿಸಬೇಕು. ಬೆರಳು ಚರ್ಮದ ಮೇಲೆ ಜಾರಬಾರದು, ಚರ್ಮವೇ ಬೆರಳಿನೊಡನೆ ಸರಿಯಬೇಕು. ಒತ್ತಡ ಎಷ್ಟೆಂದರೆ ಮುಚ್ಚಿದ ನಮ್ಮ ಕಣ್ಣೆವೆಯ ಮೇಲೆ ನೋವಿಲ್ಲದೆ ಇಡಬಹುದಾದಷ್ಟು. ಬಾವಿರುವ ಕಾಲನ್ನು ಯಾವಾಗಲೂ ಪಾದದಿಂದ ತೊಡೆಸಂದಿನ ಕಡೆಗೆ, ಅಂದರೆ ಹೃದಯದ ದಿಕ್ಕಿಗೆ ನೀವಬೇಕು, ಗಾಯದ ಮೇಲೆ ಹಾಯದೆ.

ಕೊನೆಯಲ್ಲಿ ಕೀಲುಗಳು. ನಾಯಿ ಆರೋಗ್ಯವಾದ ಮಗ್ಗುಲ ಮೇಲೆ ಮಲಗಿರಲಿ. ಒಂದು ಕೈ ಕೀಲಿನ ಮೇಲ್ಗಡೆ, ಇನ್ನೊಂದು ಕೆಳಗಡೆ ಆಧಾರ ಕೊಟ್ಟಿರಲಿ. ಮೊದಲು ಬೆರಳುಗಳು, ಆಮೇಲೆ ಹಿಮ್ಮಡಿ, ಮಂಡಿ, ಸೊಂಟ. ಒಂದೊಂದನ್ನೂ ನಿಧಾನವಾಗಿ ಹತ್ತು ಸಲ ಮಡಚಿ ಬಿಡಿಸಬೇಕು. ಎಲ್ಲಿ ತಡೆ ಸಿಗುತ್ತದೋ ಅಲ್ಲಿಗೆ ನಿಲ್ಲಿಸಬೇಕು. ಇವತ್ತಿನ ತಡೆ ಮುಂದಿನ ವಾರ ಒಂದು ಅಂಗುಲ ಹಿಂದೆ ಸರಿದಿರುತ್ತದೆ. ಜಗ್ಗಿದರೆ ಒಳಗೆ ಹರಿಯುತ್ತದೆ. ಗಾಯ ಪೂರ್ತಿ ಮಾಯ್ದಿದ್ದರೆ ಮೊದಲೇ ಹತ್ತು ನಿಮಿಷ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಸುತ್ತಿಡಬಹುದು. ನಮ್ಮ ಮುಂಗೈಯ ಒಳಮೈಗೆ ಹಿತವಾದ ಬಿಸಿ ಮಾತ್ರ. ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಸಲ.

ನಾಯಿ ಬೇಡವೆನ್ನುವುದು ಬೊಗಳಿ ಅಲ್ಲ. ತುಟಿ ನೆಕ್ಕುವುದು, ತಲೆ ಆಚೆ ತಿರುಗಿಸುವುದು, ಕಿವಿ ಹಿಂದಕ್ಕೊರಗಿಸುವುದು, ಕಣ್ಣಿನ ಬಿಳಿ ಕಾಣಿಸುವುದು, ಮೈ ಸೆಟೆಸಿ ಉಸಿರು ಕಟ್ಟುವುದು, ಇವೇ ಅದರ ಮಾತು. ಕಂಡೊಡನೆ ಕೈ ತೆಗೆಯಬೇಕು, ಎದ್ದು ಹೋಗುವುದಾದರೆ ಬಿಡಬೇಕು. ಕೆಂಚ ಮೊದಲ ವಾರ ಎರಡು ನಿಮಿಷಕ್ಕೇ ಎದ್ದು ಹೋಗುತ್ತಿದ್ದ. ನಾವು ಹಿಡಿದು ಮಲಗಿಸಲು ನೋಡಿದೆವು, ಗುರ್ ಎಂದ. ನಮ್ಮ ಮನೆಯವರು, "ಅವನಿಗೂ ಒಂದು ಮಾತು ಕೇಳಿ ಅಂದ್ರೆ, ಸೊಸೈಟಿ ಮೀಟಿಂಗ್ ಅಲ್ಲ ಇದು" ಎಂದರು. ಎರಡನೇ ವಾರ ಅವನೇ ಬಂದು ಗೋಣಿಯ ಮೇಲೆ ಮಲಗತೊಡಗಿದ.

ಕಾಲಿಗೆ ಬಲ ಬರುವುದು ನಡಿಗೆಯಿಂದ ಎಂದೆವಷ್ಟೆ. ಓಡುವ ನಾಯಿ ನೊಂದ ಕಾಲನ್ನು ಎತ್ತಿಕೊಂಡೇ ಓಡುತ್ತದೆ. ಹಗ್ಗ ಹಿಡಿದು ತೀರಾ ನಿಧಾನವಾಗಿ ನಡೆಸಿದರೆ ನಾಲ್ಕನೆಯದನ್ನೂ ಊರಲೇಬೇಕಾಗುತ್ತದೆ. ಹೀಗೆ ಕಣದ ಸುತ್ತ ಐದು ನಿಮಿಷದಿಂದ ಆರಂಭಿಸಿ, ವಾರ ಕಳೆದಂತೆ ತೋಟದ ಏರುದಾರಿಗೆ ಹೋಗಬಹುದು. ಏರಿನಲ್ಲಿ ಹಿಂಗಾಲಿಗೆ ಭಾರ ಹೆಚ್ಚು ಬೀಳುತ್ತದೆ. ನಿಂತಿರುವಾಗ ಸೊಂಟವನ್ನು ಮೆಲ್ಲಗೆ ಅತ್ತಿತ್ತ ತೂಗಿಸುವುದು, ಒಳ್ಳೆಯ ಹಿಂಗಾಲನ್ನು ಒಂದೆರಡು ಕ್ಷಣ ಎತ್ತಿ ಹಿಡಿಯುವುದು ಸಹ ಕಾಲೂರಲು ಕಲಿಸುತ್ತದೆ. ಕಾಲು ಊರದಿದ್ದಾಗ ಸವೆಯದೆ ಬೆಳೆದ ಉಗುರನ್ನು ಕತ್ತರಿಸಲು ಮರೆಯಬಾರದು.

ಸೊಂಟದ ಕೆಳಗೆ ಪೂರ್ತಿ ಸ್ವಾಧೀನ ತಪ್ಪಿದ ನಾಯಿಯ ಸಂಗತಿ ಬೇರೆ. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ಮೂತ್ರ ತಾನಾಗಿ ಹೋಗದಿದ್ದರೆ ಅದನ್ನು ಹೊರಡಿಸುವ ಕ್ರಮವನ್ನು ವೈದ್ಯರಿಂದಲೇ ನೋಡಿ ಕಲಿಯಬೇಕು. ಅಂಥ ನಾಯಿಯನ್ನು ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು. ತಾಲ್ಲೂಕಿನಲ್ಲಿ ಆಗದ ಚಿಕಿತ್ಸೆಗೆ ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಉರುಳಿನ ವಿಷಯ ಒಂದು ಮಾತು. ಎರಡು ಮೂರು ದಿನ ಕಳೆದು ಮನೆಗೆ ಬಂದ ನಾಯಿಯ ಕುತ್ತಿಗೆ, ಸೊಂಟ, ಕಾಲುಗಳ ರೋಮವನ್ನು ಬಿಡಿಸಿ ನೋಡಬೇಕು. ತುಂಡಾದ ವಯರು ಒಳಗೇ ಉಳಿದು ಕಾಲು ಕೊಳೆತ ಉದಾಹರಣೆಗಳುಂಟು. ಉರುಳು ಕಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಕಟ್ಟಿದವರು ಹೊರಗಿನವರೇ ಇರಬಹುದು, ಬೇಲಿ ಮಾತ್ರ ನಮ್ಮದು. ನಾವೀಗ ತಿಂಗಳಿಗೊಮ್ಮೆ ಬೇಲಿಯುದ್ದಕ್ಕೂ ನಡೆದು ನೋಡುತ್ತೇವೆ. ಕಳೆದ ವರ್ಷ ನಾಲ್ಕು ಸಿಕ್ಕಿದವು.

ಕೆಂಚನ ತೊಡೆಯ ಸುತ್ತಳತೆಯನ್ನು ವಾರಕ್ಕೊಮ್ಮೆ ಗೋಣಿದಾರದಲ್ಲಿ ಅಳೆದು ಗಂಟು ಹಾಕುತ್ತಿದ್ದೆವು. ಮೊದಲ ಮೂರು ಗಂಟು ಒಂದೇ ಜಾಗದಲ್ಲಿ ಬಿದ್ದವು, ಆಗ ಕೈಬಿಡೋಣವೆನಿಸಿದ್ದುಂಟು. ನಾಲ್ಕನೆಯದು ಬೆರಳಗಲ ಮುಂದೆ ಹೋಯಿತು. ಐದನೆಯ ತಿಂಗಳಲ್ಲಿ ಎರಡೂ ತೊಡೆ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದವು. ಆ ದಾರ ಸಂಘದ ಕಚೇರಿಯ ನಮ್ಮ ಮೇಜಿನಲ್ಲಿದೆ, ಬೇಕಾದವರು ಬಂದು ನೋಡಬಹುದು. ಆಷಾಢದ ಚಳಿ ಬೆಳಗುಗಳಲ್ಲಿ ಮಾತ್ರ ಅವನು ಈಗಲೂ ಮೊದಲ ಹತ್ತು ಹೆಜ್ಜೆ ಆ ಕಾಲನ್ನು ಎತ್ತಿಕೊಂಡೇ ಬರುತ್ತಾನೆ. ಬಚ್ಚಲ ಒಲೆಯ ಮುಂದೆ ಕೂತು ಐದು ನಿಮಿಷ ನೀವಿಸಿಕೊಂಡು, ಎದ್ದು ತೋಟಕ್ಕೆ ಹೋಗುತ್ತಾನೆ.