ಸೇವಕರ ಬಿಡಾರವು ಮನೆಯಾಗುವ ಬಗೆ

ಪಾಠಭಾಗ: 2 ಅರಸುಗಳು 4ನೆಯ ಅಧ್ಯಾಯ, 8ರಿಂದ 13ನೆಯ ವಚನಗಳು

ಪಟ್ಟನಾಯಕನಹಳ್ಳಿಯ ಸುತ್ತಣ ಸೀಮೆಯು ಮಳೆ ಕಡಿಮೆಯಾದ ಸೀಮೆ ಎಂಬದನ್ನು ನೀವೆಲ್ಲರೂ ಬಲ್ಲಿರಿ. ಕಡಲೆಕಾಯಿ ಕೈಗೆ ಹತ್ತಿದ ವರುಷ ಊರಲ್ಲಿರುತ್ತೇವೆ. ಹತ್ತದ ವರುಷ ಬೆಂಗಳೂರಿಗೆ ಕೂಲಿಗೆ ಹೊರಡುತ್ತೇವೆ. ಇಂಥ ಸ್ಥಳಕ್ಕೆ ದಾದಿಯರೂ ಉಪಾಧ್ಯಾಯರೂ ಬರುವದು ಅಪರೂಪ. ಬಂದವರು ನಿಲ್ಲುವದು ಅದಕ್ಕಿಂತಲೂ ಅಪರೂಪ.

ಕೆಲವು ವರುಷಗಳ ಹಿಂದೆ ದೂರದ ಊರಿನಿಂದ ಒಬ್ಬ ದಾದಿಯಮ್ಮನವರು ನಮ್ಮ ಹಳ್ಳಿಗಳ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವದಕ್ಕೆ ಬಂದರು. ನಾವು ಒಂದು ಕೋಣೆ ತೋರಿಸಿ, ಬೀಗದ ಕೈ ಕೊಟ್ಟು, ನಮ್ಮ ಕರ್ತವ್ಯವು ತೀರಿತೆಂದುಕೊಂಡೆವು. ಆ ಕೋಣೆಯ ಅರ್ಧಭಾಗದಲ್ಲಿ ನಮ್ಮ ಕಡಲೆಕಾಯಿ ಚೀಲಗಳಿದ್ದವು, ಕಿಟಕಿಗೆ ಚಿಲಕವಿರಲಿಲ್ಲ. ಆರು ತಿಂಗಳಾದ ಮೇಲೆ ಅವರು ಹೊರಟುಹೋದರು. ಹೊರಡುವಾಗ ಯಾರನ್ನೂ ದೂರಲಿಲ್ಲ. “ಸಂಜೆಯಾದರೆ ಮಾತಾಡುವದಕ್ಕೆ ಒಬ್ಬರೂ ಇಲ್ಲ, ಉಪದೇಶಿಗಳೇ” ಎಂದಷ್ಟೇ ಹೇಳಿದರು. ಮುಂದಿನ ಬೇಸಗೆಯಲ್ಲಿ ನಮ್ಮ ಕೇರಿಯ ಒಬ್ಬ ತಾಯಿ ನಡುರಾತ್ರಿಯಲ್ಲಿ ಶಿರಾಕ್ಕೆ ಹೋಗುವ ದಾರಿಯಲ್ಲೇ ಹೆತ್ತಳು, ಕೂಸು ಉಳಿಯಲಿಲ್ಲ. ದಾದಿಯಮ್ಮನವರಿದ್ದರೆ ಉಳಿಯುತ್ತಿತ್ತೋ ಇಲ್ಲವೋ ದೇವರೇ ಬಲ್ಲನು. ಆದರೂ ಬೀಗ ಹಾಕಿದ ಆ ಕೋಣೆಯ ಮುಂದೆ ನಡೆಯುವಾಗ ನಮಗೆ ನಾಚಿಕೆಯಾಗುತ್ತದೆ.

ಶೂನೇಮಿನ ಸ್ತ್ರೀಯನ್ನು ನೋಡಿರಿ. ಆಕೆಯು ಎಲೀಷನಿಗೆ ಊಟವಿಕ್ಕಿ ಸುಮ್ಮನಿರಲಿಲ್ಲ. ಗಂಡನ ಸಂಗಡ ಆಲೋಚಿಸಿ, ಮಾಳಿಗೆಯಲ್ಲಿ ಒಂದು ಚಿಕ್ಕ ಕೋಣೆಯನ್ನು ಕಟ್ಟಿಸಿ, ಮಂಚ, ಮೇಜು, ಕುರ್ಚಿ, ದೀಪ ಇವುಗಳನ್ನು ಇಡಿಸಿದಳು. ಸ್ವಜನರ ನಡುವೆ ವಾಸಿಸುವದೇ ತನಗೆ ಸಾಕೆಂಬದು ಆಕೆಯ ಮನಸ್ಸು. ಆದದರಿಂದಲೇ ಸ್ವಜನರನ್ನು ಬಿಟ್ಟು ಬಂದವನ ಕೊರತೆಯು ಆಕೆಗೆ ತಿಳಿಯಿತು. ಇದರಿಂದ ನಮಗೆ ನಾಲ್ಕು ಪಾಠಗಳುಂಟು.

ಮೊದಲನೆಯದು, ಕೋಣೆ. ಅದು ಸೇವಕರದಾಗಿರಲಿ. ಅಲ್ಲಿ ನಮ್ಮ ಚೀಲವಾಗಲಿ ನೇಗಿಲಾಗಲಿ ಇರಬಾರದು. ಬಾಗಿಲಿಗೂ ಕಿಟಕಿಗೂ ಒಳಚಿಲಕವಿರಲಿ. ತಮ್ಮ ಮನೆಯವರ ಚಿತ್ರವನ್ನು ಎಲ್ಲಿ ತೂಗಹಾಕಬೇಕು, ಗೋಡೆಗೆ ಯಾವ ಬಣ್ಣ ಬಳಿಯಬೇಕು ಎಂಬದನ್ನು ಅವರೇ ಹೇಳಲಿ.

ಎರಡನೆಯದು, ಮಂಚ, ಅಂದರೆ ವಿಶ್ರಾಂತಿ. ಹೆರಿಗೆ, ಹಾವಿನ ಕಡಿತ ಮೊದಲಾದ ಅವಸರಗಳ ಹೊರತು ವಾರಕ್ಕೊಂದು ದಿನ ಅವರ ಬಾಗಿಲನ್ನು ತಟ್ಟಬಾರದು. ನಮ್ಮ ಜಿಲ್ಲೆಯ ಗುಬ್ಬಿಗೆ 1839ರಲ್ಲಿ ಬಂದ ವಿಲಿಯಂ ಆರ್ಥರ್ ಅಯ್ಯನವರು ದೇಹಸ್ಥಿತಿ ಕೆಟ್ಟು 1841ರಲ್ಲಿ ಸ್ವದೇಶಕ್ಕೆ ತೆರಳಬೇಕಾಯಿತು. ಸೇವಕರಿಗೂ ನಮ್ಮಂತೆಯೇ ಶರೀರವುಂಟು.

ಮೂರನೆಯದು, ಮೇಜು ಕುರ್ಚಿ, ಅಂದರೆ ಅನ್ನಪಾನ. ರಾಗಿಮುದ್ದೆಯನ್ನು ಪ್ರೀತಿಯಿಂದ ಇಕ್ಕಿರಿ. ಆದರೆ ಅವರ ಊರಿನ ಅಡಿಗೆ ಯಾವದೆಂದು ಕೇಳಿ ಅದನ್ನೂ ಮಾಡಗೊಡಿರಿ. ನೀರಿನ ವಿಷಯದಲ್ಲಿ ಎಚ್ಚರವಾಗಿರಿ. ಪಾವಗಡ ಶಿರಾ ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಉಂಟು. ಒಂದು ಲೀಟರಿನಲ್ಲಿ ಅದು 1.5 ಮಿಲಿಗ್ರಾಮಿಗೆ ಮೀರಿದರೆ ಬಹುಕಾಲ ಕುಡಿದವರ ಹಲ್ಲಿಗೂ ಎಲುಬಿಗೂ ಕೇಡು. ಕುದಿಸಿದರೆ ಅದು ಹೋಗದು. ನೀರು ಬತ್ತಿದಷ್ಟು ಹೆಚ್ಚಾಗುವದು. ಆದದರಿಂದ ಶುದ್ಧನೀರಿನ ಘಟಕದಿಂದಲೇ ತಂದುಕೊಡಿರಿ. ಇಲ್ಲವೆ ಮಳೆನೀರನ್ನು ಶುದ್ಧವಾಗಿ ಹಿಡಿದಿಡಿರಿ. ಇದು ನಮ್ಮ ಮಕ್ಕಳಿಗೂ ಹಿತವಾದದ್ದು.

ನಾಲ್ಕನೆಯದು, ದೀಪ. ವಿದ್ಯುತ್ತು ನಿಂತ ರಾತ್ರಿಗಾಗಿ ಒಂದು ಸೂರ್ಯಶಕ್ತಿಯ ದೀಪವನ್ನು ಇಡಿರಿ. ಆದರೆ ದೀಪವು ಮಾತ್ರ ಸಾಲದು. ಸಂಜೆಯ ಮಾತೂ ಬೇಕು. ದಿನಕ್ಕೊಂದು ಮನೆಯವರು ಹೋಗಿ ಜಗಲಿಯ ಮೇಲೆ ತುಸು ಹೊತ್ತು ಕೂತು ಬರಲಿ. ಕಾಯಿಲೆಯ ಮಾತೆತ್ತದೆ ಅವರ ತಾಯಿತಂದೆಗಳ ಕ್ಷೇಮವನ್ನು ವಿಚಾರಿಸಿರಿ.

ಬಂದವರಿಗೂ ಒಂದು ಪಾಠವುಂಟು. 1836ರಲ್ಲಿ ಮಂಗಳೂರಿಗೆ ಬಂದ ಹೆರ್ಮನ್ ಮೋಗ್ಲಿಂಗ್ ಅಯ್ಯನವರು ತಮ್ಮ ವಿದ್ಯಾರ್ಥಿಗಳ ಸಂಗಡ ಒಂದೇ ಮನೆಯಲ್ಲಿದ್ದು ಅವರ ಊಟವನ್ನೇ ಉಂಡರು. 1843ರಲ್ಲಿ ಮಂಗಳೂರ ಸಮಾಚಾರವೆಂಬ ಮೊದಲನೆಯ ಕನ್ನಡ ಪತ್ರಿಕೆಯನ್ನು ಹೊರಡಿಸಿದವರು ಇವರೇ. ನಮ್ಮ ಕಾಲದಲ್ಲಿ ವೈದ್ಯರಾದ ಸುದರ್ಶನರು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ನೆಲೆಸಿ, ಪೋಡಿನಿಂದ ಪೋಡಿಗೆ ನಡೆದು ಚಿಕಿತ್ಸೆಮಾಡಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಇವರಿಬ್ಬರ ಮತಗಳು ಬೇರೆ, ಕಾಲಗಳು ಬೇರೆ. ಆದರೂ ಇಬ್ಬರೂ ಜನರ ನಡುವೆಯೇ ಮನೆಮಾಡಿದರು. ಬಂದವರು ನೆರೆಯವರ ಬಾಗಿಲಿಗೆ ಹೋಗದಿದ್ದರೆ ನೆರೆಯವರು ಎಷ್ಟು ಮಾಡಿದರೂ ಬಿಡಾರವು ಬಿಡಾರವಾಗಿಯೇ ಉಳಿಯುವದು.

ಮತ್ತೊಬ್ಬ ದಾದಿಯಮ್ಮನವರು ಬರುವ ಸುದ್ದಿಯನ್ನು ಕೇಳಿದ್ದೇವೆ. ಕಳೆದ ವಾರ ನಾವು ಚೀಲಗಳನ್ನು ಹೊರಗೆ ಹಾಕಿಸಿ, ಕಿಟಕಿಗೆ ಚಿಲಕ ಹಾಕಿಸಿ, ಅಂಗಳದಲ್ಲಿ ಒಂದು ಹೊಂಗೆಯ ಸಸಿಯನ್ನು ನೆಟ್ಟೆವು. ಬೇಸಗೆ ಮುಗಿಯುವ ತನಕ ಅದಕ್ಕೆ ಸರದಿಯ ಮೇಲೆ ನೀರೆರೆಯುವದಕ್ಕೆ ಏಳು ಮನೆಯವರು ಒಪ್ಪಿದ್ದಾರೆ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ನಮ್ಮ ಊರಿಗೆ ಬಂದು ಬೇಗನೆ ಹೊರಟುಹೋದವರು ಯಾರು? ಏಕೆ ಹೋದರೆಂದು ನಾವು ಕೇಳಿದೆವೋ?
2. ಈಗ ಇರುವವರ ಮನೆಗೆ ನಮ್ಮ ಕೆಲಸವಿಲ್ಲದೆ ಕಡೆಯ ಸಾರಿ ಯಾವಾಗ ಹೋದೆವು?